ಪಾಪ ನಿವೇದನೆ: ಫಾದರ್ ಹತ್ರನಾ, ನೇರ ದೇವ್ರ ಹತ್ರನಾ?

ತಪಸ್ಸು ಕಾಲ, ಅಂದ್ರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು ಬಂತು ಅಂದ್ರೆ ತುಮಕೂರಿನ ಕ್ರೈಸ್ತರ ಮನೆಗಳಲ್ಲಿ ಈ ವಾದ ಶುರು, ಮಾಡಿದ ಪಾಪನ ಯಾರ ಹತ್ರ ಹೇಳ್ಕೋಬೇಕು ಅಂತ. ಹೆಂಡ್ತಿ ಕ್ಯಾಥೊಲಿಕ್, ಗಂಡ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ ಅನ್ನೋ ಪ್ರಾಟೆಸ್ಟಂಟ್ ಸಭೆ), ಮೈದುನ ಹೊಸ ಪ್ರೇಯರ್ ಹಾಲ್‌ಗೆ ಹೋಗೋನು ಅಂದ್ರಂತೂ ಮುಗೀತು. ಈಸ್ಟರ್‌ಗೆ ಮುಂಚೆ ಫಾದರ್ ಹತ್ರ ಹೋಗ್ಲೇಬೇಕು ಅಂತ ಒಬ್ರು, ಮಧ್ಯೆ ಮನುಷ್ಯ ಯಾಕೆ ಅಂತ ಇನ್ನೊಬ್ರು, ದೀಕ್ಷಾಸ್ನಾನದ ದಿನವೇ ಎಲ್ಲ ತೊಳ್ದು ಹೋಯ್ತಲ್ಲ ಅಂತ ಮತ್ತೊಬ್ರು.

ಕ್ರೈಸ್ತ ಧರ್ಮದ ಮೊದಲ ಶತಮಾನಗಳಲ್ಲಿ ದೊಡ್ಡ ಪಾಪಕ್ಕೆ ಸಭೆ ಎದುರೇ ಪ್ರಾಯಶ್ಚಿತ್ತ, ಅದೂ ಜೀವನದಲ್ಲಿ ಒಂದೇ ಸಲ, ಹಾಗಾಗಿ ಎಷ್ಟೋ ಜನ ಸಾಯೋವರೆಗೂ ಮುಂದಕ್ಕೆ ಹಾಕ್ತಿದ್ರು. ಆಮೇಲೆ ಐರ್ಲೆಂಡಿನ ಸನ್ಯಾಸಿಗಳು ಗುಟ್ಟಾಗಿ, ಮತ್ತೆ ಮತ್ತೆ ಹೇಳ್ಕೊಳ್ಳೋ ಪದ್ಧತಿ ಹಬ್ಬಿಸಿದ್ರು. 1215ರಲ್ಲಿ ರೋಮ್‌ನಲ್ಲಿ ಸೇರಿದ ಲ್ಯಾಟೆರನ್ ಅನ್ನೋ ಚರ್ಚ್ ಮಹಾಸಭೆ ವರ್ಷಕ್ಕೊಂದ್ಸಲ ಕಡ್ಡಾಯ ಅಂತು, ಕೇಳಿದ್ದನ್ನ ಹೊರಗೆ ಹೇಳಿದ ಪಾದ್ರಿಗೆ ಹುದ್ದೆ ಕಿತ್ಕೊಂಡು ಮಠದಲ್ಲಿ ಜೀವನಪೂರ್ತಿ ಪ್ರಾಯಶ್ಚಿತ್ತ ಅಂತಲೂ ಅದರಲ್ಲೇ ಬರೆದಿಟ್ರು. 1517ರಲ್ಲಿ ಪ್ರಾಟೆಸ್ಟಂಟ್ ಸುಧಾರಣೆ ಶುರುಮಾಡಿದ ಲೂಥರ್, ವಿಶ್ವಾಸಿಯ ಇಡೀ ಬಾಳೇ ಪಶ್ಚಾತ್ತಾಪ ಆಗಿರ್ಬೇಕು ಅಂದ. ಅಂದಹಾಗೆ ಒಬ್ರ ಹತ್ರ ಗುಟ್ಟಾಗಿ ಹೇಳ್ಕೊಳ್ಳೋದನ್ನ ಅವನು ತೆಗೆದುಹಾಕ್ಲಿಲ್ಲ, ಬಲವಂತ ಬೇಡ ಅಂದ ಅಷ್ಟೆ. ನಮ್ಮ ಪ್ರಾಟೆಸ್ಟಂಟರಿಗೆ ಇದು ಅನುಕೂಲವಾಗಿ ಮರೆತುಹೋಗಿದೆ.

ನಮ್ಮ ಜಿಲ್ಲೆಗೆ ತಾಗೋ ಭಾಗ ಮೆಥಡಿಸ್ಟ್ ಪಂಥ ಹುಟ್ಟುಹಾಕಿದ ಇಂಗ್ಲೆಂಡಿನ ಪಾದ್ರಿ ವೆಸ್ಲಿಯದ್ದು, ಯಾಕಂದ್ರೆ 1830ರ ದಶಕದ ಕೊನೆಗೆ ಗುಬ್ಬಿಲಿ ಕೆಲಸ ಮಾಡಿದ ಮಿಷನರಿಗಳು ವೆಸ್ಲಿಯನ್ ಮೆಥಡಿಸ್ಟರು. 1738ರಲ್ಲೇ ಜಾನ್ ವೆಸ್ಲಿ ಸಣ್ಣ ಗುಂಪುಗಳಿಗೆ ರೂಲ್ಸ್ ಬರೆದಿದ್ದ, ಗಂಡಸರದ್ದೇ ಬೇರೆ, ಹೆಂಗಸರದ್ದೇ ಬೇರೆ, ಮದುವೆ ಆದವರದ್ದೇ ಬೇರೆ. ವಾರಕ್ಕೊಂದ್ಸಲ ಕೂತು, ಕಳೆದ ಸಲ ಸೇರಿದ್ಮೇಲೆ ಯಾವ ಪಾಪ ಮಾಡಿದೀಯ, ಪಾಪಕ್ಕೆ ಎಳೆಯೋ ಯಾವ ಶೋಧನೆ ಬಂತು, ಹೇಗೆ ಪಾರಾದೆ, ಪಾಪವೋ ಅಲ್ವೋ ಅಂತ ಡೌಟ್ ಇರೋ ಕೆಲಸ ಏನಾದ್ರೂ ಇದ್ಯಾ ಅಂತ ನೇರ ಕೇಳೋದು. ಇನ್ನು ಮೆಥಡಿಸ್ಟರ ಕ್ಲಾಸ್ ಮೀಟಿಂಗ್ ಅನ್ನೋ ವಾರದ ಸಣ್ಣ ಕೂಟ ಹುಟ್ಟಿದ ಕತೆ ಮಜಾ ಇದೆ. 1742ರಲ್ಲಿ ಬ್ರಿಸ್ಟಲ್‌ನಲ್ಲಿ ಕಟ್ಟಡದ ಸಾಲ ತೀರಿಸೋಕೆ ತಲೆಗೆ ವಾರಕ್ಕೊಂದು ಪೆನ್ನಿ ಅಂತ ಮಾಡಿ, ಹನ್ನೆರಡು ಜನಕ್ಕೆ ಒಬ್ಬನ್ನ ವಸೂಲಿಗೆ ಬಿಟ್ರು. ಮನೆಮನೆಗೆ ಹೋದವನಿಗೆ ಒಬ್ಬ ಕುಡಿದಿರೋದು, ಇನ್ನೊಬ್ಬ ಹೆಂಡ್ತಿ ಜೊತೆ ಜಗಳಕ್ಕೆ ನಿಂತಿರೋದು ಕಣ್ಣಿಗೆ ಬಿತ್ತು. ಸಾಲ ವಸೂಲಿಗೆ ಅಂತ ಮಾಡಿದ್ದು ಆತ್ಮ ವಿಚಾರಿಸೋ ವ್ಯವಸ್ಥೆ ಆಗ್ಬಿಡ್ತು!

ಆದ್ರೆ 19ನೇ ಶತಮಾನ ಮುಗಿಯೋ ಹೊತ್ತಿಗೆ ಇಂಗ್ಲೆಂಡಲ್ಲೇ ಕ್ಲಾಸ್ ಮೀಟಿಂಗ್ ಸೊರಗಿತ್ತು. 1947ರಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಎಲ್ಲ ಸೇರಿ ಸಿಎಸ್‌ಐ ಆದ್ಮೇಲೆ ನಮಗೆ ಗೊತ್ತಿರೋ ಅರಿಕೆ ಅಂದ್ರೆ ಆರಾಧನೇಲಿ ಎಲ್ರೂ ಒಟ್ಟಿಗೆ ಓದೋದು, ಒಂದು ನಿಮಿಷದ ಕೆಲಸ, ಯಾರ ಪಾಪ ಯಾವುದು ಅಂತ ಯಾರಿಗೂ ಗೊತ್ತಾಗಲ್ಲ, ಕೆಲವೊಮ್ಮೆ ಓದ್ತಿರೋರಿಗೂ. ಕ್ಯಾಥೊಲಿಕರಲ್ಲಿ 1973ರ ಹೊಸ ವಿಧಿ ಪರದೆ ಇಲ್ದೆ ಎದುರುಬದುರು ಕೂತು ಹೇಳ್ಕೊಳ್ಳೋಕೂ ಅವಕಾಶ ಕೊಡ್ತು, ಆದ್ರೂ ಪ್ರಸಾದಕ್ಕೆ ನಿಲ್ಲೋ ಉದ್ದ ಸಾಲಿಗೂ ನಿವೇದನೆಗೆ ನಿಲ್ಲೋ ಪುಟ್ಟ ಸಾಲಿಗೂ ಹೋಲಿಕೆನೇ ಇಲ್ಲ.

ಹಾಗಾಗಿ ದೇವರಿಗಾ ಮನುಷ್ಯರಿಗಾ ಅನ್ನೋ ಜಗಳದಲ್ಲಿ ಅಸಲಿ ಪ್ರಶ್ನೆ ತಪ್ಪಿಹೋಗ್ತಿದೆ ಅನ್ಸುತ್ತೆ, ವಾರ ವಾರ ನಮ್ಮನ್ನ ಕೇಳೋರು ಯಾರಿದಾರೆ? ಬೈಬಲ್‌ನಲ್ಲಿರೋ ಯಾಕೋಬನ ಪತ್ರಿಕೆ ನಿಮ್ಮ ಪಾಪಗಳನ್ನ ಒಬ್ಬರಿಗೊಬ್ಬರು ಅರಿಕೆ ಮಾಡಿ ಅನ್ನುತ್ತೆ. ಈಗ ಅಲ್ಲಲ್ಲಿ ಮೂರು ನಾಲ್ಕು ಯುವಕರು ಮತ್ತೆ ಹಾಗೆ ಕೂರೋಕೆ ನೋಡ್ತಾರೆ, ಒಳ್ಳೇದೇ, ತೊಡಕು ಬರೋದು ಗುಟ್ಟಿನ ವಿಷಯಕ್ಕೆ. ಫಾದರ್ ಬಾಯಿಬಿಟ್ರೆ ಇವತ್ತಿಗೂ ಬಹಿಷ್ಕಾರ. ಗುಂಪಿಗೆ ಅಂಥ ಕಟ್ಟುಪಾಡೇನಿಲ್ಲ, "ಇಂಥ ಅಣ್ಣನ ಕುಡಿತ ಬಿಡಿಸೋಕೆ ಪ್ರಾರ್ಥಿಸಿ" ಅಂತ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಬಿದ್ರೆ ಸಂಜೆಯೊಳಗೆ ಬಿ.ಎಚ್. ರಸ್ತೆ ಉದ್ದಕ್ಕೂ ಸುದ್ದಿ, ಆ ಅಣ್ಣ ಇನ್ನೊಂದ್ಸಲ ಯಾರ ಹತ್ರಾನೂ ಬಾಯಿ ಬಿಡಲ್ಲ.