ಡೊಮೇನ್ ಕೊಳ್ಳುವ ಮೊದಲು ಹೊರಬಾಗಿಲನ್ನು ನೋಡಿ

ಡೊಂಬಿವಿಲಿಯಲ್ಲಿ ಕೇಟರಿಂಗ್ ನಡೆಸುವ, ಉಡುಪಿ ಕಡೆಯ ಹಿರಿಯರೊಬ್ಬರು ಒಂದು ದಿನ ಘಾಟ್ಕೋಪರಿನ ನನ್ನ ಕಚೇರಿಗೆ ಬಂದು, ಫೋನನ್ನು ಮೇಜಿನ ಮೇಲಿಟ್ಟು, "ಟೆಂಪೋದ ಮೇಲೆ ಬರೆಸಿದ ಹೆಸರು ಮಾರಾಯ್ರೆ, ಈಗ ತೆರೆದ್ರೆ ಯಾರ್‍ಯಾರದ್ದೋ ಜಾಹೀರಾತು ಬರ್ತದೆ" ಎಂದರು. ನೋಡಿದರೆ ಅವರ ಡಾಟ್ ಕಾಂ ಡೊಮೇನಿನ, ಅಂದರೆ ಜಾಲತಾಣದ ಹೆಸರಿನ, ಅವಧಿ ಮುಗಿದು 19 ದಿನಗಳಾಗಿದ್ದವು. ಆ ಹೆಸರನ್ನು ನೋಂದಾಯಿಸಿಕೊಟ್ಟ ರಿಜಿಸ್ಟ್ರಾರ್ ಸಂಸ್ಥೆಯ ಬಳಿ ಇದ್ದ ಖಾತೆ, ಡೊಮೇನಿನ ಮಾಲೀಕತ್ವ ಎರಡೂ ವೆಬ್‌ಸೈಟ್ ಮಾಡಿಕೊಟ್ಟ ಹುಡುಗನ ಹೆಸರಿನಲ್ಲಿದ್ದವು. ಅವನು ಪುಣೆಯಲ್ಲಿ ನೌಕರಿಗೆ ಸೇರಿದ ಮೇಲೆ ಆ ಹಳೆಯ ಇಮೇಲನ್ನು ತೆರೆಯುವುದನ್ನೇ ಬಿಟ್ಟಿದ್ದ.

ಡೊಮೇನ್ "ಕೊಂಡೆವು" ಎಂದು ನಾವು ಹೇಳುತ್ತೇವಾದರೂ ಅದು ಕ್ರಯವಲ್ಲ. ಮುಂಬಯಿಯಲ್ಲಿ ಬಾಡಿಗೆ ಮನೆ ಹುಡುಕಿದವರಿಗೆಲ್ಲ ಗೊತ್ತಿರುವ ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರಿಗೆ ಅದು ಹೆಚ್ಚು ಹತ್ತಿರ; ಇಲ್ಲಿ ಅವಧಿ ಒಂದು ವರ್ಷದಿಂದ ಗರಿಷ್ಠ 10 ವರ್ಷ. ಡಾಟ್ ಕಾಂ ಹೆಸರುಗಳ ಮೂಲ ದಫ್ತರ ವೆರಿಸೈನ್ ಸಂಸ್ಥೆಯಲ್ಲಿದೆ, ಡಾಟ್ ಇನ್ ಹೆಸರುಗಳದ್ದು ನಮ್ಮ ದೇಶದ ನಿಕ್ಸಿ ಸಂಸ್ಥೆಯಲ್ಲಿದೆ, ಮತ್ತು ಆ ದಫ್ತರದಲ್ಲಿ ನಮ್ಮ ಪರವಾಗಿ ಹೆಸರು ಬರೆಸಿಕೊಡುವ ಮಧ್ಯವರ್ತಿಯೇ ರಿಜಿಸ್ಟ್ರಾರ್. ಡಾಟ್ ಕಾಂ ಮಾರಲು ಜಗತ್ತಿನ ಡೊಮೇನ್ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ಮಾನ್ಯತೆ ಬೇಕು, ಡಾಟ್ ಇನ್‌ಗೆ ನಿಕ್ಸಿಯ ಮಾನ್ಯತೆ ಬೇಕು, ಎರಡರ ಪಟ್ಟಿಯೂ ಅವರವರ ಜಾಲತಾಣದಲ್ಲಿದೆ. ಗಲ್ಲಿಯ ಕಂಪ್ಯೂಟರ್ ಅಂಗಡಿಯವನು ಸಾಮಾನ್ಯವಾಗಿ ರೀಸೆಲರ್, ಅಂದರೆ ರಿಜಿಸ್ಟ್ರಾರ್‌ನಿಂದ ಪಡೆದು ಮರುಮಾರಾಟ ಮಾಡುವವನು, ಆಗಿರುತ್ತಾನೆ. ಅದರಲ್ಲಿ ತಪ್ಪೇನಿಲ್ಲ, ಆದರೆ ಅವನ ಹಿಂದಿರುವ ರಿಜಿಸ್ಟ್ರಾರ್ ಯಾರೆಂದು ಕೇಳಿದಾಗ ಹೆಸರು ಹೇಳದವನ ಕೈಗೆ ದುಡ್ಡು ಕೊಡಬಾರದು.

ಬೆಲೆಯ ಮಾತು ಬೇಗ ಮುಗಿಸುತ್ತೇನೆ. 2024ರ ಸೆಪ್ಟೆಂಬರಿನಿಂದ ವೆರಿಸೈನ್ ಒಂದು ಡಾಟ್ ಕಾಂ ಹೆಸರಿಗೆ ವರ್ಷಕ್ಕೆ 10.26 ಡಾಲರ್, ಅಂದರೆ 850 ರೂಪಾಯಿಗೂ ಮೇಲೆ, ರಿಜಿಸ್ಟ್ರಾರ್‌ನಿಂದ ವಸೂಲು ಮಾಡುತ್ತದೆ. ಅದನ್ನೇ ಒಬ್ಬ 99 ರೂಪಾಯಿಗೆ ಕೊಡುತ್ತಾನೆಂದರೆ ಉಳಿದದ್ದನ್ನು ಎರಡನೆಯ ವರ್ಷದ ನವೀಕರಣದಲ್ಲೋ, ಬೇಡದ ಸೇವೆಗಳಲ್ಲೋ ಎತ್ತಿಕೊಳ್ಳುತ್ತಾನೆ. ಆದ್ದರಿಂದ ಮೊದಲ ವರ್ಷದ ದರವನ್ನು ಮರೆತು ನವೀಕರಣದ ದರವನ್ನೂ, ಅವಧಿ ಮೀರಿದ ಮೇಲೆ ಹೆಸರು ಬಿಡಿಸಿಕೊಳ್ಳುವ ಶುಲ್ಕವನ್ನೂ ಹುಡುಕಿ ಓದಬೇಕು; ಡಾಟ್ ಕಾಂನಂಥ ಹೆಸರುಗಳಿಗೆ ಇವೆರಡನ್ನೂ ಪ್ರಕಟಿಸಬೇಕೆಂಬುದು ಐಕ್ಯಾನ್ ನಿಯಮ. ಇದರ ಮೇಲೆ ಶೇಕಡಾ 18 ಜಿಎಸ್‌ಟಿ ಬೀಳುತ್ತದೆ. (ಶೇಕಡಾ 5ರ ಪದ್ಧತಿಯಲ್ಲಿ ತೆರಿಗೆ ಕಟ್ಟುವ ನಮ್ಮ ಹೋಟೆಲಿನವರಿಗೆ ಅದು ಕ್ರೆಡಿಟ್ ಆಗಿ ಹಿಂದೆ ಬರುವುದಿಲ್ಲ, ಖರ್ಚೆಂದೇ ಬರೆದುಕೊಳ್ಳಬೇಕು.)

ನಾನು ರಿಜಿಸ್ಟ್ರಾರನ್ನು ಅಳೆಯುವುದು ಅವನು ಗಿರಾಕಿಯನ್ನು ಹೇಗೆ ಬರಮಾಡಿಕೊಳ್ಳುತ್ತಾನೆ ಎಂಬುದರಿಂದಲ್ಲ, ಹೇಗೆ ಕಳಿಸಿಕೊಡುತ್ತಾನೆ ಎಂಬುದರಿಂದ. ಡೊಮೇನನ್ನು ಬೇರೆಡೆಗೆ ಒಯ್ಯಲು ಎರಡು ಕೆಲಸ ಆಗಬೇಕು: ವರ್ಗಾವಣೆಯ ಲಾಕ್ ತೆಗೆಯಬೇಕು, ಆಥ್ ಕೋಡ್ ಎಂಬ ಗುಪ್ತ ಸಂಕೇತ ಸಿಗಬೇಕು. ಒಳ್ಳೆಯವರಲ್ಲಿ ಇವೆರಡೂ ಖಾತೆಯೊಳಗೇ ಒಂದೊಂದು ಗುಂಡಿ ಒತ್ತಿದರೆ ಆಗುತ್ತವೆ. ಇನ್ನು ಕೆಲವರು ಅರ್ಜಿ ಬರೆಸುತ್ತಾರೆ, ಚಾಟ್‌ನಲ್ಲಿ ಕೂರಿಸಿ "ಯಾಕೆ ಹೋಗುತ್ತೀರಿ" ಎಂದು ವಿಚಾರಿಸುತ್ತಾರೆ, ರಿಯಾಯಿತಿಯ ಆಸೆ ತೋರಿಸುತ್ತಾರೆ. ಕೇಳಿದ 5 ದಿನಗಳೊಳಗೆ ಕೋಡ್ ಕೊಡಬೇಕೆಂಬ ನಿಯಮವಿರುವುದರಿಂದ ಐದನೆಯ ದಿನದ ಸಂಜೆಗೆ ಕೊಡುತ್ತಾರೆ. ಹೊಸದಾಗಿ ನೋಂದಾಯಿಸಿದ ಅಥವಾ ಈಚೆಗಷ್ಟೇ ವರ್ಗಾಯಿಸಿದ ಹೆಸರನ್ನು 60 ದಿನ ಕದಲಿಸಲು ಬಿಡದಿದ್ದರೆ ಅದು ಕಿರುಕುಳವಲ್ಲ, ಕಳ್ಳತನದ ವಿರುದ್ಧದ ತಡೆ. ಹಾಗಾಗಿ ಹಣ ಕಟ್ಟುವ ಮೊದಲೇ ಅವರ ಸಹಾಯಪುಟದಲ್ಲಿ ಹೊರಗೆ ಒಯ್ಯುವ ವಿಧಾನವನ್ನು ಹುಡುಕಿ ನೋಡಿ. ಒಳಗೆ ತರುವ ವಿಧಾನ ಹತ್ತು ಚಿತ್ರಗಳ ಸಮೇತ ಇದ್ದು ಹೊರಗೆ ಒಯ್ಯುವುದರ ಬಗ್ಗೆ ಎರಡೇ ಸಾಲು ಇದ್ದರೆ ನಾನಂತೂ ಅಲ್ಲಿಂದ ಎದ್ದು ಬರುತ್ತೇನೆ.

ರಿಜಿಸ್ಟ್ರಾರ್ ಸಂಸ್ಥೆಯೇ ಮುಳುಗಿದರೆ ಏನು ಗತಿ ಎಂದು ಕೆಲವರು ಕೇಳುತ್ತಾರೆ. 2007ರಲ್ಲಿ ರಿಜಿಸ್ಟರ್‌ಫ್ಲೈ ಎಂಬ ಅಮೆರಿಕದ ಸಂಸ್ಥೆಯ ಮೇಲೆ ದೂರುಗಳು ಹೆಚ್ಚಾಗಿ ಐಕ್ಯಾನ್ ಅದರ ಮಾನ್ಯತೆಯನ್ನು ರದ್ದುಪಡಿಸಿತು, ಹೆಸರುಗಳೆಲ್ಲ ಬೇರೊಂದು ರಿಜಿಸ್ಟ್ರಾರ್‌ಗೆ ವರ್ಗವಾದವು. ಮಾನ್ಯತೆ ಪಡೆದವರು ಗಿರಾಕಿಗಳ ದಾಖಲೆಯ ಪ್ರತಿಯನ್ನು ಈಗ ಮೂರನೆಯವರ ಬಳಿ ಠೇವಣಿ ಇಡುತ್ತಾರೆ. ಆದರೆ ಆ ದಾಖಲೆಯಲ್ಲಿ ನಿಮ್ಮ ಬದಲು ನಿಮ್ಮ ವೆಬ್ ಹುಡುಗನ ಹೆಸರಿದ್ದರೆ ಠೇವಣಿ ಕಾಪಾಡುವುದು ಅವನನ್ನೇ.

ಅವಧಿ ಮುಗಿಯುವ ಸುಮಾರು ಒಂದು ತಿಂಗಳ ಮೊದಲು, ಒಂದು ವಾರದ ಮೊದಲು, ಮುಗಿದ ಮೇಲೆ 5 ದಿನಗಳೊಳಗೆ ಒಮ್ಮೆ ಹೀಗೆ ಮೂರು ಸಲ ಸೂಚನೆ ಬರಲೇಬೇಕು. ಆ ಸೂಚನೆಗಳು ಹೋಗುವ ವಿಳಾಸ ಅದೇ ಡೊಮೇನಿನ ಇಮೇಲ್ ಆಗಿರಬಾರದು, ಏಕೆಂದರೆ ಡೊಮೇನ್ ನಿಂತ ದಿನ ಆ ಇಮೇಲೂ ನಿಲ್ಲುತ್ತದೆ. ಡಾಟ್ ಕಾಂನಲ್ಲಿ ಮಾಮೂಲಿ ದರಕ್ಕೆ ನವೀಕರಿಸುವ ರಿಯಾಯಿತಿ ಕಾಲ ಹೆಚ್ಚೆಂದರೆ 45 ದಿನ, ಅದೂ ರಿಜಿಸ್ಟ್ರಾರ್ ಮನಸ್ಸು ಮಾಡಿದಷ್ಟು. ಅವನು ಹೆಸರನ್ನು ಅಳಿಸಿದ ಮೇಲೆ 30 ದಿನ ದುಬಾರಿ ಶುಲ್ಕ ಕೊಟ್ಟು ಬಿಡಿಸಿಕೊಳ್ಳಬಹುದು. ಆಮೇಲಿನ 5 ದಿನ ಯಾರೂ ಏನೂ ಮಾಡಲಾಗದು, ಆರನೆಯ ದಿನ ಹೆಸರು ಸಂತೆಗೆ ಬೀಳುತ್ತದೆ.

ಡೊಂಬಿವಿಲಿಯ ಹಿರಿಯರಿಗೆ ಇನ್ನೂ ರಿಯಾಯಿತಿ ಕಾಲವಿತ್ತು. ಪುಣೆಯ ಹುಡುಗ ಒಳ್ಳೆಯವನು, ಫೋನಿನಲ್ಲೇ ಒಟಿಪಿ ಹೇಳಿದ. ಮಾಮೂಲಿ ದರಕ್ಕೆ ನವೀಕರಿಸಿದೆವು. ಅಂದೇ ಬೇರೆ ರಿಜಿಸ್ಟ್ರಾರ್‌ಗೆ ಒಯ್ಯೋಣವೆಂದು ಅವರು ಅವಸರಪಟ್ಟರು, ನಾನು ತಡೆದೆ. ಅವಧಿ ಮುಗಿದ ಮೇಲೆ ನವೀಕರಿಸಿ, ಆ 45 ದಿನಗಳು ಕಳೆಯುವ ಮೊದಲೇ ವರ್ಗಾಯಿಸಿದರೆ ಕಟ್ಟಿದ ವರ್ಷ ಕೈತಪ್ಪುವ ಸಂಭವವಿದೆ. ಕಾದು ವರ್ಗಾಯಿಸಿದ್ದರಿಂದ ಆ ವರ್ಷವೂ ಉಳಿಯಿತು, ವರ್ಗಾವಣೆಗೆ ಕಟ್ಟಿದ ಹಣಕ್ಕೆ ಇನ್ನೊಂದು ವರ್ಷವೂ ಸೇರಿತು. ಮಾಲೀಕರ ಹೆಸರನ್ನು ಮೊದಲು ಬದಲಿಸಿದರೆ ಮತ್ತೆ 60 ದಿನದ ಲಾಕ್ ಬೀಳಬಹುದಾದ್ದರಿಂದ ಆ ಕೆಲಸವನ್ನು ಹೊಸ ಕಡೆಗೆ ಹೋದ ಮೇಲೆ ಮಾಡಿದೆವು. ಅಲ್ಲಿ ಖಾತೆ ತೆರೆಯುವ ಮೊದಲು ಹಿರಿಯರು ಕನ್ನಡಕ ಏರಿಸಿಕೊಂಡು ನನ್ನನ್ನು ಕೇಳಿದ ಪ್ರಶ್ನೆ ಒಂದೇ: "ಇಲ್ಲಿ ಲಾಕ್ ತೆಗೆಯುವ ಗುಂಡಿ ಎಲ್ಲಿದೆ, ಮೊದಲು ಅದನ್ನು ತೋರಿಸಿ."