ಚಪ್ಪಲಿಗೆ ಕಟ್ಟಿದ ರಬ್ಬರ್ ಬ್ಯಾಂಡ್

ಏಳು ವರ್ಷದ ಹುಡುಗ. ಗುದದ್ವಾರವಿಲ್ಲದೆ, ಒಂದೇ ಕಿಡ್ನಿಯೊಂದಿಗೆ ಹುಟ್ಟಿದವನು. ಎಳೆಯದರಲ್ಲೇ ಮೂರು ಆಪರೇಷನ್ ಆಗಿತ್ತು. ಆಮೇಲೆ ಚೆನ್ನಾಗಿದ್ದ. ಈಗ ಮತ್ತೆ ಹಗಲಲ್ಲೇ ಚಡ್ಡಿ ಒದ್ದೆ.

"ಆಟದ ಗುಂಗು ಡಾಕ್ಟ್ರೇ, ಬೈದೂ ಬೈದೂ ಸಾಕಾಯ್ತು" ಎಂದರು ತಾಯಿ.

ನನ್ನ ಕಣ್ಣು ಅವನ ಚಪ್ಪಲಿಯ ಮೇಲೆ ಬಿತ್ತು. ಬಲಗಾಲಿನದಕ್ಕೆ ಮಾತ್ರ ಹಿಮ್ಮಡಿ ಸುತ್ತ ರಬ್ಬರ್ ಬ್ಯಾಂಡ್ ಕಟ್ಟಿದ್ದರು. ಅದೊಂದೇ ಜಾರುತ್ತದಂತೆ. ಎರಡೂ ಪಾದ ಜೋಡಿಸಿ ಹಿಡಿದೆ. ಬಲಪಾದ ಅರ್ಧ ಬೆರಳಿನಷ್ಟು ಗಿಡ್ಡ, ಅಂಗಾಲಿನ ಕಮಾನು ಜಾಸ್ತಿ ಎತ್ತರ.

ಒದ್ದೆ ಚಡ್ಡಿಗೂ ಜಾರುವ ಚಪ್ಪಲಿಗೂ ಕಾರಣ ಒಂದೇ ಇತ್ತು. ಬೆನ್ನುಹುರಿಯ ತುದಿ ಸೊಂಟದ ಮೇಲ್ಭಾಗದಲ್ಲಿ, ಅಲ್ಲಿನ ಬೆನ್ನುಮೂಳೆಯ ಮೊದಲ ಎರಡು ಮಣಿಗಳ ಹತ್ತಿರ, ಸಡಿಲವಾಗಿರಬೇಕು. ಕೆಲವು ಮಕ್ಕಳಲ್ಲಿ ಅದು ಕೆಳಗೆ ಅಂಟಿಕೊಂಡಿರುತ್ತದೆ. ಮಗು ಎತ್ತರ ಆಗುತ್ತಾ ಹೋದಂತೆ ಹುರಿ ಜಗ್ಗುತ್ತದೆ. ಮೂತ್ರಕೋಶಕ್ಕೂ ಪಾದಕ್ಕೂ ಹೋಗುವ ನರಗಳು ಅಲ್ಲಿಂದಲೇ ಹೊರಡುವುದು. ಅದಕ್ಕೇ ತೊಂದರೆ ಹುಟ್ಟಿದಾಗ ಕಾಣದೆ, ಬೆಳೆಯುವಾಗ ಕಾಣುತ್ತದೆ.

ಕಿಡ್ನಿ ಮತ್ತು ಬೆನ್ನುಮೂಳೆ ಗರ್ಭದಲ್ಲಿ ಅಕ್ಕಪಕ್ಕದ ಅಂಗಾಂಶದಿಂದ, ಹೆಚ್ಚುಕಡಿಮೆ ಒಂದೇ ಹೊತ್ತಿಗೆ ರೂಪುಗೊಳ್ಳುತ್ತವೆ. ಅಲ್ಲಿ ಏರುಪೇರಾದರೆ ಎರಡಕ್ಕೂ ಪೆಟ್ಟು ಬೀಳಬಹುದು. ಹುಟ್ಟಿನಿಂದಲೇ ಬೆನ್ನು ಡೊಂಕಾಗಿರುವ ಮಗುವಿಗೆ ನಾವು ಕಿಡ್ನಿ ಸ್ಕ್ಯಾನ್ ಮಾಡಿಸುವುದೂ ಇದಕ್ಕೇ.

ಮೊದಲ ಮೂರು ತಿಂಗಳು ಮಗುವಿನ ಬೆನ್ನುಮೂಳೆ ಇನ್ನೂ ಮೆದು. ಆಗ ಸಾಮಾನ್ಯ ಅಲ್ಟ್ರಾಸೌಂಡ್‌ನಲ್ಲೇ ಹುರಿ ಕಾಣುತ್ತದೆ. ತಡವಾದರೆ ಎಂಆರ್‌ಐ ಬೇಕು, ಎಳೆಯ ಮಕ್ಕಳಿಗೆ ನಿದ್ದೆ ಬರಿಸಿ ಮಾಡಬೇಕು. ಮಗು ಈ ಹುಡುಗನ ಹಾಗೆ ಹುಟ್ಟಿದ್ದರೆ, ದಯವಿಟ್ಟು ಆ ಮೂರು ತಿಂಗಳು ಕಳೆಯಲು ಬಿಡಬೇಡಿ.

ಮೂತ್ರಕೋಶ ಹೊಟ್ಟೆಯ ಹೊರಗೆ ತೆರೆದುಕೊಂಡೇ ಹುಟ್ಟುವ ಮಕ್ಕಳ ಕಥೆ ಬೇರೆ. ಇದಕ್ಕೆ ಬ್ಲ್ಯಾಡರ್ ಎಕ್ಸ್‌ಟ್ರೋಫಿ ಅನ್ನುತ್ತಾರೆ. ಇಲ್ಲಿ ಸೊಂಟದ ಮೂಳೆಗಳು ಮುಂದುಗಡೆ ಕೂಡಿರುವುದಿಲ್ಲ, ತೆರೆದಿಟ್ಟ ಪುಸ್ತಕದ ಹಾಗೆ ಅಗಲಿರುತ್ತವೆ. ಹುಟ್ಟಿದ ಮೊದಲ ಮೂರು ದಿನದಲ್ಲಿ ಮೂಳೆಗಳನ್ನು ಕೆಲವೊಮ್ಮೆ ಕೈಯಿಂದಲೇ ಒತ್ತಿ ಹತ್ತಿರ ತರಬಹುದು. ಆಮೇಲೆ ಸಾಮಾನ್ಯವಾಗಿ ಮೂಳೆ ಕತ್ತರಿಸಿ ತಿರುಗಿಸಬೇಕಾಗುತ್ತದೆ. ಇದು ನಡಿಗೆ ಸರಿಮಾಡುವುದಕ್ಕಲ್ಲ, ಹೊಲಿದ ಮೂತ್ರಕೋಶ ಮತ್ತು ಹೊಟ್ಟೆ ಎಳೆತಕ್ಕೆ ಬಿಚ್ಚಿಕೊಳ್ಳದಿರಲಿ ಅಂತ. "ನಡೀತಾನಾ?" ಅಂತ ಎಲ್ಲ ತಾಯಂದಿರೂ ಕೇಳುತ್ತಾರೆ. ನಡೆಯುತ್ತಾನೆ ಅಮ್ಮ, ಓಡುತ್ತಾನೆ. ಮೊದಮೊದಲು ಪಾದ ಹೊರಗೆ ತಿರುಗಿರುತ್ತದೆ, ಬೆಳೀತಾ ಕಡಿಮೆಯಾಗುತ್ತದೆ.

ಇನ್ನೊಂದು ಮಾತು. ಪದೇಪದೇ ಆಪರೇಷನ್ ಆದ ಇಂಥ ಮಕ್ಕಳಿಗೆ ಲೇಟೆಕ್ಸ್ ರಬ್ಬರಿನ ಅಲರ್ಜಿ ಬರುವುದುಂಟು. ಬಲೂನ್ ಊದಿದಾಗ ತುಟಿ ಬಾತರೆ ಡಾಕ್ಟರಿಗೆ ತಪ್ಪದೆ ಹೇಳಿ. ಮುಂದಿನ ಆಪರೇಷನ್‌ನಲ್ಲಿ ಕೈಗವಸನ್ನೇ ಬದಲಿಸಬೇಕಾಗುತ್ತದೆ.

ಆ ಹುಡುಗನ ಹುರಿಯನ್ನು ಬಿಡಿಸಿದೆವು. ಕಾಲು ಇನ್ನಷ್ಟು ಕೆಡುವುದು ನಿಂತಿದೆ. ಮೂತ್ರದ ಹತೋಟಿ ಪೂರ್ತಿ ಮರಳಲಿಲ್ಲ. ದಿನಕ್ಕೆ ನಾಲ್ಕು ಸಲ ಕ್ಯಾತಿಟರ್, ಅಂದರೆ ತೆಳ್ಳನೆಯ ಕೊಳವೆ, ಹಾಕಿ ಮೂತ್ರಕೋಶ ಖಾಲಿ ಮಾಡಿಕೊಳ್ಳುತ್ತಾನೆ, ತಾನೇ ಕಲಿತಿದ್ದಾನೆ. ಅಮ್ಮ ಈಗ ಬೈಯುವುದಿಲ್ಲ.