ಹೆಸರಿಲ್ಲದ ಕ್ಯಾಮ್‌ಶಾಫ್ಟಿನ ಗುರುತು ಹಿಡಿಯುವುದು

ಅಮೆರಿಕದ ಸರೋವರಗಳಲ್ಲೂ ಕರಾವಳಿಯಲ್ಲೂ ಓಡುವ ವಿಹಾರದ ದೋಣಿಗಳ ಒಡಲಲ್ಲಿ ಕೂತಿರುವ ದೊಡ್ಡ ಪೆಟ್ರೋಲ್ ಎಂಜಿನ್‌ಗಳು ಬಹುಮಟ್ಟಿಗೆ ಕಾರಿನ ಕುಲದವು. ಷೆವ್ರೊಲೆ ಕಂಪನಿ 1955ರಲ್ಲಿ ಹೊರತಂದ ಸಣ್ಣ ವಿ-8 ಎಂಜಿನ್ (ವಿ ಆಕಾರದಲ್ಲಿ ಎರಡು ಸಾಲಾಗಿ ಎಂಟು ಸಿಲಿಂಡರುಗಳು) 1967ರಲ್ಲಿ 350 ಘನ ಇಂಚಿಗೆ, ಅಂದರೆ ಸುಮಾರು 5.7 ಲೀಟರಿಗೆ ಬೆಳೆಯಿತು. ಮರ್‌ಕ್ರೂಸರ್‌ನಂಥ ತಯಾರಕರು ಅದನ್ನೇ ತಂದು, ನೀರಿನಿಂದ ತಣಿಯುವ ಹೊಗೆಕೊಳವೆಗಳನ್ನು ಜೋಡಿಸಿ, ದೋಣಿಗೆ ತಕ್ಕಂತೆ ಮಾರ್ಪಡಿಸಿ ನೀರಿಗಿಳಿಸಿದರು. ಅಂಥ ಎಂಜಿನ್ ಮೂರನೆಯ ಅಥವಾ ನಾಲ್ಕನೆಯ ಕೈಗೆ ಬರುವ ಹೊತ್ತಿಗೆ ಒಳಗೆ ಏನೇನು ಬದಲಾಗಿದೆ ಎಂಬುದು ಮಾರುವವನಿಗೂ ತಿಳಿದಿರುವುದಿಲ್ಲ. ಕಾರ್ಬ್ಯುರೇಟರ್, ಪಂಪು, ಹೊಗೆಕೊಳವೆಗಳನ್ನು ಕಣ್ಣಿನಿಂದಲೇ ಗುರುತಿಸಬಹುದು. ಬ್ಲಾಕಿನ ನಡುವೆ ಹುದುಗಿರುವ ಕ್ಯಾಮ್‌ಶಾಫ್ಟನ್ನು ಮಾತ್ರ ಹೊರಗೆಳೆದು ಮೇಜಿನ ಮೇಲಿಟ್ಟರೂ ಅದು ಯಾವುದೆಂದು ಹೇಳುವುದು ಸುಲಭವಲ್ಲ.

ಹೇಳಲೇಬೇಕಾದ ಅಗತ್ಯವಂತೂ ಇದೆ. ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ಸುತ್ತುವಾಗ ಕ್ಯಾಮ್‌ಶಾಫ್ಟ್ ಒಂದು ಸುತ್ತು ಸುತ್ತುತ್ತದೆ. ಅದರ ಮೈಮೇಲಿನ 16 ಉಬ್ಬುಗಳು ಟ್ಯಾಪೆಟ್‌ಗಳನ್ನು ಎತ್ತುತ್ತವೆ, ಟ್ಯಾಪೆಟ್ ಪುಶ್‌ರಾಡನ್ನು, ಪುಶ್‌ರಾಡ್ ರಾಕರನ್ನು, ರಾಕರ್ ಎಂಬ ಸನ್ನೆ ಸಿಲಿಂಡರಿನ ಬಾಗಿಲಾದ ವಾಲ್ವನ್ನು. ಯಾವ ವಾಲ್ವ್ ಯಾವಾಗ ತೆರೆಯಬೇಕು, ಎಷ್ಟು ತೆರೆಯಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂಬುದೆಲ್ಲ ಆ ಉಬ್ಬುಗಳ ಆಕಾರದಲ್ಲೇ ಅಡಗಿದೆ. ಎಂಜಿನ್ನಿನ ಸ್ವಭಾವವನ್ನು ಇಷ್ಟರಮಟ್ಟಿಗೆ ನಿರ್ಧರಿಸುವ ಇನ್ನೊಂದು ಬಿಡಿಭಾಗ ನನಗೆ ತಿಳಿದಿಲ್ಲ.

ಮೊದಲು ಎಲ್ಲರೂ ಹುಡುಕುವುದು ಅಂಕಿಗಳನ್ನು. ಉಬ್ಬುಗಳ ನಡುವಿನ ಒರಟು ಮೈಮೇಲೆ ಎರಕದಲ್ಲೇ ಮೂಡಿದ ಸಂಖ್ಯೆ ಇರುತ್ತದೆ. ಅದು ಸಿಕ್ಕಿದರೆ ಕೆಲಸ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಆದರೆ ಎರಕದ ಸಂಖ್ಯೆ ಹೇಳುವುದು ಆ ಕಬ್ಬಿಣ ಯಾವ ಅಚ್ಚಿನಿಂದ ಬಂತು ಎಂಬುದನ್ನಷ್ಟೇ. ಒಂದೇ ಎರಕದ ಮೇಲೆ ಬೇರೆಬೇರೆ ಆಕಾರದ ಉಬ್ಬುಗಳನ್ನು ಅರೆದು ರೂಪಿಸಬಹುದು, ರೂಪಿಸುತ್ತಾರೆ ಕೂಡ. ಸವೆದ ಹಳೆಯ ಕ್ಯಾಮನ್ನು ಮತ್ತೆ ಅರೆದು ಹೊಸ ಆಕಾರ ಕೊಡುವ ಕಸುಬಂತೂ ಬಹಳ ಹಳೆಯದು. ಹಾಗೆ ಅರೆದ ಮೇಲೆ ಮೈಮೇಲಿನ ಸಂಖ್ಯೆಗೂ ಉಬ್ಬಿನ ಆಕಾರಕ್ಕೂ ಸಂಬಂಧವೇ ಉಳಿಯುವುದಿಲ್ಲ. ಆದ್ದರಿಂದ ಸಂಖ್ಯೆಯನ್ನು ಸುಳಿವು ಎಂದು ಬರೆದಿಟ್ಟುಕೊಳ್ಳಬೇಕು, ಸಾಕ್ಷಿಯನ್ನು ಅಳತೆಯಿಂದಲೇ ಪಡೆಯಬೇಕು.

ಮನೆತನದ ಪ್ರಶ್ನೆ ಬೇಗ ಬಗೆಹರಿಯುತ್ತದೆ. ಬೇರಿಂಗ್‌ಗಳ ಮೇಲೆ ಕೂರುವ ಐದು ದುಂಡು ಭಾಗಗಳನ್ನು ಮೈಕ್ರೋಮೀಟರಿನಿಂದ ಅಳೆಯಿರಿ. ಐದೂ 1.868 ಇಂಚಿನ ಆಸುಪಾಸಿನಲ್ಲಿದ್ದರೆ ಷೆವ್ರೊಲೆಯ ಸಣ್ಣ ವಿ-8, ಐದೂ 1.948 ಇಂಚಿನ ಆಸುಪಾಸಿನಲ್ಲಿದ್ದರೆ ಅದೇ ಕಂಪನಿಯ ದೊಡ್ಡ ವಿ-8. ಮುಂದಿನಿಂದ ಹಿಂದಕ್ಕೆ ಹೋದಂತೆ ಪ್ರತಿಯೊಂದೂ 0.015 ಇಂಚಿನಷ್ಟು ಕಿರಿದಾಗುತ್ತಾ ಹೋದರೆ ಅದು ಫೋರ್ಡಿನ ವಿಂಡ್ಸರ್ ಕುಲದ್ದು. ಮುಂದಿನ ಪ್ರಶ್ನೆ, ಇದು ಉಬ್ಬಿನ ಮೇಲೆ ಚಪ್ಪಟೆ ಪಾದದಿಂದ ಜಾರುವ ಚಪ್ಪಟೆ ಟ್ಯಾಪೆಟ್ಟಿನದೋ, ಪುಟ್ಟ ಗಾಲಿಯ ಮೇಲೆ ಉರುಳುವ ರೋಲರ್ ಟ್ಯಾಪೆಟ್ಟಿನದೋ ಎಂಬುದು. ಸಣ್ಣ ಷೆವ್ರೊಲೆ ಕಾರ್ಖಾನೆಯಿಂದಲೇ ರೋಲರಿನೊಡನೆ ಬರತೊಡಗಿದ್ದು 1987ರ ಮಾದರಿಯಿಂದ. ಆ ಕ್ಯಾಮ್ ಮುಂದಕ್ಕೆ ಜಾರದಂತೆ ತಡೆಯಲು ಒಂದು ತಟ್ಟೆ ಬೇಕಾದ್ದರಿಂದ ಅದರ ಮೂತಿಯಲ್ಲಿ ಒಂದು ಮೆಟ್ಟಿಲು ಕಾಣುತ್ತದೆ. ಷೆವ್ರೊಲೆಯ ಚಪ್ಪಟೆ ಟ್ಯಾಪೆಟ್ಟಿನ ಕ್ಯಾಮಿಗೆ ತಟ್ಟೆ ಬೇಡ. ಅದರ ಉಬ್ಬಿನ ಅಗಲದುದ್ದಕ್ಕೂ ಇಂಚಿನ ಸಾವಿರದ ಒಂದೆರಡು ಭಾಗದಷ್ಟು ಓರೆಯಿರುತ್ತದೆ. ಆ ಓರೆಯೇ ಟ್ಯಾಪೆಟ್ಟನ್ನು ತನ್ನ ಗೂಡಿನಲ್ಲಿ ತಿರುಗಿಸುತ್ತಾ ಸವೆತವನ್ನು ಹಂಚುತ್ತದೆ, ಜೊತೆಗೆ ಇಡೀ ಕ್ಯಾಮನ್ನು ಬ್ಲಾಕಿನ ಒಳಕ್ಕೆ ಒತ್ತಿಹಿಡಿಯುತ್ತದೆ. ಕಣ್ಣಿಗೆ ಕಾಣದ ಓರೆಯೊಂದು ಎರಡು ಕೆಲಸ ಮಾಡುವ ಈ ಜಾಣ್ಮೆ ನನಗೆ ಬಹಳ ಇಷ್ಟ.

ಇನ್ನು ಉಬ್ಬುಗಳ ಅಳತೆ. ಕ್ಯಾಮನ್ನು ಎರಡು ವಿ-ಬ್ಲಾಕ್‌ಗಳ ಮೇಲೆ ಮಲಗಿಸಿ, ತುದಿಗೆ ಡಿಗ್ರಿ ಗುರುತಿಸಿದ ಚಕ್ರವೊಂದನ್ನು ಬಿಗಿದು, ಮೇಲಿನಿಂದ ಡಯಲ್ ಗೇಜ್ ತಾಗಿಸಬೇಕು. ನಿಧಾನವಾಗಿ ತಿರುಗಿಸಿದರೆ ಮುಳ್ಳು ಎಷ್ಟು ಏರಿತು ಎಂಬುದು ಉಬ್ಬಿನ ಎತ್ತರ. ಅದನ್ನು ರಾಕರಿನ ಅನುಪಾತದಿಂದ ಗುಣಿಸಿದರೆ ವಾಲ್ವ್ ತೆರೆಯುವ ಎತ್ತರ ಸಿಗುತ್ತದೆ. ಆ ಅನುಪಾತ ಸಣ್ಣ ಷೆವ್ರೊಲೆಗೆ 1.5, ದೊಡ್ಡದಕ್ಕೆ 1.7, ಫೋರ್ಡಿನ ವಿಂಡ್ಸರಿಗೆ 1.6. ಕಾರುಗಳಲ್ಲಿ ಲೆಕ್ಕವಿಲ್ಲದಷ್ಟು ಬಳಕೆಯಾದ ಷೆವ್ರೊಲೆಯ 3896929 ಸಂಖ್ಯೆಯ ಕ್ಯಾಮನ್ನು ತೆಗೆದುಕೊಳ್ಳಿ. ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ಬರೀ ‘929’. ಅದರ ಇನ್‌ಲೆಟ್ (ಗಾಳಿ ಒಳಬಿಡುವ) ಉಬ್ಬು 0.260 ಇಂಚು, ಎಕ್ಸಾಸ್ಟ್ (ಹೊಗೆ ಹೊರಬಿಡುವ) ಉಬ್ಬು 0.273 ಇಂಚು, ವಾಲ್ವಿನಲ್ಲಿ ಅದು 0.390 ಮತ್ತು 0.410 ಇಂಚು, ಅಂದರೆ ಹತ್ತು ಮಿಲಿಮೀಟರಿನ ಆಚೀಚೆ.

ಬಳಸಿದ ಕ್ಯಾಮಿನಲ್ಲಿ ಸವೆತ ಇದ್ದೇ ಇರುತ್ತದೆ. ಒಂದು ಉಬ್ಬನ್ನಷ್ಟೇ ಅಳೆದು ಪಟ್ಟಿಯಲ್ಲಿ ಹುಡುಕಿದರೆ ದಾರಿ ತಪ್ಪುವುದು ಅದಕ್ಕೇ. ಹದಿನಾರನ್ನೂ ಅಳೆಯಬೇಕು. ಎಂಟು ಇನ್‌ಲೆಟ್ ಉಬ್ಬುಗಳೂ ಒಂದೇ ಆಕಾರದವು, ಎಂಟು ಎಕ್ಸಾಸ್ಟ್ ಉಬ್ಬುಗಳೂ ಒಂದೇ ಆಕಾರದವು. ಒಂದು ಕಾವ್ಯದ ಹಲವು ಓಲೆಗರಿ ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ಮೂಲಪಾಠವನ್ನು ಕಂಡುಕೊಳ್ಳುವ ವಿದ್ವಾಂಸರ ಕ್ರಮವೇ ಇಲ್ಲಿಯೂ ನಡೆಯುತ್ತದೆ. ಏಳು ಉಬ್ಬುಗಳು 0.260 ಎಂದು ಹೇಳಿ ಎಂಟನೆಯದು 0.235 ಎಂದರೆ ಆ ಎಂಟನೆಯದು ಸವೆದಿದೆ. ಎಂಟೂ ಬೇರೆಬೇರೆ ಅಂಕಿ ಕೊಟ್ಟರೆ ಆ ಕ್ಯಾಮಿನ ಗುರುತು ಹಿಡಿಯುವ ಗೋಜಿಗೆ ಹೋಗುವುದೇ ಬೇಡ, ಅದರ ಕಾಲ ಮುಗಿದಿದೆ.

ಡಯಲ್ ಗೇಜಿನ ತುದಿಯ ಬಗ್ಗೆ ಸ್ವಲ್ಪ ನಿಧಾನಿಸಬೇಕು. ಗೇಜಿನ ಜೊತೆ ಬರುವ ಮೊನಚು ತುದಿಯನ್ನೇ ಉಬ್ಬಿಗೆ ತಾಗಿಸಿದರೆ ಒಟ್ಟು ಎತ್ತರ ಸರಿಯಾಗಿಯೇ ಬರುತ್ತದೆ, ಉಳಿದದ್ದೆಲ್ಲ ತಪ್ಪಾಗುತ್ತದೆ. ಚಪ್ಪಟೆ ಟ್ಯಾಪೆಟ್ಟಿನ ಅಡಿಯಲ್ಲಿ ಉಬ್ಬು ತಾಗುವ ಬಿಂದು ಒಂದೆಡೆ ನಿಲ್ಲುವುದಿಲ್ಲ. ಉಬ್ಬಿನ ಭುಜ ಬಂದಾಗ ಅದು ನಡುವಿನಿಂದ ಅಂಚಿನತ್ತ ಸರಿಯುತ್ತದೆ, ತುದಿ ಬಂದಾಗ ನಡುವಿಗೆ ಮರಳುತ್ತದೆ. ಹಾಗಾಗಿ ಮೊನೆ ಇನ್ನೂ ಕೆಳಗಿರುವಾಗಲೇ ಅಗಲವಾದ ಟ್ಯಾಪೆಟ್ ಮೇಲೇಳತೊಡಗಿರುತ್ತದೆ. ಮೊನೆಯಿಂದ ಅಳೆದ ಉಬ್ಬು ಇರುವುದಕ್ಕಿಂತ ಕಿರಿದಾಗಿ ತೋರುತ್ತದೆ. ಇದಕ್ಕಿಂತಲೂ ಸೊಗಸಾದ ಮಾತೊಂದಿದೆ. ಬಿಂದು ನಡುವಿನಿಂದ ಎಷ್ಟು ದೂರ ಸರಿದಿದೆಯೋ, ಒಂದು ರೇಡಿಯನ್ ತಿರುವಿಗೆ ಟ್ಯಾಪೆಟ್ ಏರುವ ವೇಗವೂ ಕರಾರುವಾಕ್ಕಾಗಿ ಅಷ್ಟೇ. ಷೆವ್ರೊಲೆಯ ಟ್ಯಾಪೆಟ್ ಅಡ್ಡಳತೆ 0.842 ಇಂಚು, ಎಂದರೆ ತ್ರಿಜ್ಯ ಸುಮಾರು 10.7 ಮಿಲಿಮೀಟರ್. ಕ್ಯಾಮಿನ ಒಂದು ಡಿಗ್ರಿಗೆ 0.187 ಮಿಲಿಮೀಟರಿಗಿಂತ ವೇಗವಾಗಿ ಏರಿಸಲು ಹೋದರೆ ತಾಗುವ ಬಿಂದು ಟ್ಯಾಪೆಟ್ಟಿನ ಅಂಚು ದಾಟಿಬಿಡುತ್ತದೆ, ಅಂಚು ಉಬ್ಬನ್ನು ಕೆತ್ತಿಹಾಕುತ್ತದೆ. ನಿಮ್ಮ ಅಳತೆ ಈ ಮಿತಿಯನ್ನು ಮೀರಿದ ವೇಗವನ್ನು ತೋರಿಸಿದರೆ ಅದು ಆ ಎಂಜಿನ್ನಿನ ಚಪ್ಪಟೆ ಟ್ಯಾಪೆಟ್ಟಿಗೆ ಅರೆದ ಉಬ್ಬಾಗಿರಲು ಸಾಧ್ಯವೇ ಇಲ್ಲ. ಆದ್ದರಿಂದ ಚಪ್ಪಟೆ ಉಬ್ಬನ್ನು ಅಗಲವಾದ ಚಪ್ಪಟೆ ಪಾದದಿಂದಲೂ ರೋಲರ್ ಉಬ್ಬನ್ನು ಅದೇ ಅಳತೆಯ ರೋಲರಿನಿಂದಲೂ ಅಳೆಯಬೇಕು.

ಎತ್ತರದ ನಂತರ ಅವಧಿ. ವಾಲ್ವ್ ತೆರೆದಿರುವ ಅವಧಿಯನ್ನು ಕ್ರ್ಯಾಂಕಿನ ಡಿಗ್ರಿಗಳಲ್ಲಿ ಹೇಳುವುದು ರೂಢಿ. ಕ್ಯಾಮಿನ ಚಕ್ರದಲ್ಲಿ ಓದಿದ್ದನ್ನು ಇಮ್ಮಡಿಗೊಳಿಸಬೇಕು. ಆದರೆ ತೆರೆಯಿತು ಎಂದು ಹೇಳುವುದು ಯಾವ ಕ್ಷಣಕ್ಕೆ? ಉಬ್ಬಿನ ಬುಡದಲ್ಲಿ ಏರು ಎಷ್ಟು ಮೆಲ್ಲಗಿರುತ್ತದೆ ಎಂದರೆ ಹಲವು ಡಿಗ್ರಿ ತಿರುಗಿದರೂ ಮುಳ್ಳು ಅಲುಗಿತೋ ಇಲ್ಲವೋ ಎಂದು ಅನುಮಾನವಾಗುತ್ತದೆ. ಅಲ್ಲಿ ಗೇಜಿನ ಕೂದಲೆಳೆಯ ತಪ್ಪು ಅವಧಿಯಲ್ಲಿ ಹತ್ತಾರು ಡಿಗ್ರಿಯ ತಪ್ಪಾಗಬಹುದು. ಅದಕ್ಕಾಗಿ ಅಮೆರಿಕದ ತಯಾರಕರು ಟ್ಯಾಪೆಟ್ 0.050 ಇಂಚು, ಅಂದರೆ 1.27 ಮಿಲಿಮೀಟರ್ ಏರಿದ ಬಿಂದುವಿನಿಂದ ಅಷ್ಟೇ ಎತ್ತರಕ್ಕೆ ಇಳಿದ ಬಿಂದುವಿನವರೆಗೆ ಎಣಿಸುವ ರೂಢಿ ಮಾಡಿಕೊಂಡರು. ಅಲ್ಲಿ ಮುಳ್ಳು ಚುರುಕಾಗಿ ಓಡುವುದರಿಂದ ಗೇಜಿನ ತಪ್ಪು ಡಿಗ್ರಿಯ ಒಂದು ಭಾಗದಷ್ಟಕ್ಕೇ ಇಳಿಯುತ್ತದೆ. ಈ ಲೆಕ್ಕದಲ್ಲಿ 929ರ ಅವಧಿ ಇನ್‌ಲೆಟ್ಟಿಗೆ 195 ಡಿಗ್ರಿ, ಎಕ್ಸಾಸ್ಟಿಗೆ 202 ಡಿಗ್ರಿ. ಒಂದೇ ಸಿಲಿಂಡರಿನ ಎರಡು ಉಬ್ಬುಗಳ ತುದಿಗಳ ನಡುವಿನ ಕೋನ 112 ಡಿಗ್ರಿ. ಈ ಕೋನವನ್ನು ಕ್ಯಾಮಿನ ಡಿಗ್ರಿಯಲ್ಲೇ ಹೇಳುತ್ತಾರೆ, ಇಮ್ಮಡಿ ಮಾಡುವುದಿಲ್ಲ.

ಎಂಜಿನ್ ನೀರಿನದೋ ನೆಲದ್ದೋ ಎಂಬುದು ತಿಳಿಯುವುದು ಈ ಕೋನದಲ್ಲಿ. ಹೊಗೆ ಹೊರಹೋಗುವ ಕೊನೆಯಲ್ಲಿ, ಹೊಸ ಗಾಳಿ ಬರುವ ಮೊದಲಲ್ಲಿ ಎರಡು ವಾಲ್ವ್‌ಗಳೂ ಸ್ವಲ್ಪ ಹೊತ್ತು ಒಟ್ಟಿಗೆ ತೆರೆದಿರುತ್ತವೆ. ಎರಡು ಅವಧಿಗಳ ಸರಾಸರಿಯಿಂದ ಆ ಕೋನದ ಎರಡರಷ್ಟನ್ನು ಕಳೆದರೆ ಈ ಜೊತೆಗಾಲ ಸಿಗುತ್ತದೆ. 929ಕ್ಕೆ 198.5ರಲ್ಲಿ 224 ಕಳೆದರೆ ಋಣ 25.5, ಅಂದರೆ 0.050 ಇಂಚಿನ ಮಟ್ಟದಲ್ಲಿ ಜೊತೆಗಾಲವೇ ಇಲ್ಲ. ಅದೇ ರೇಸಿಗೆ ಹೊಂದುವಂತೆ 230 ಮತ್ತು 236 ಡಿಗ್ರಿ ಅವಧಿಗೆ, 106 ಡಿಗ್ರಿ ಕೋನಕ್ಕೆ ಅರೆದರೆ ಧನ 21. ರಸ್ತೆಯ ಮೇಲೆ ಅಂಥ ಕ್ಯಾಮ್ ನಿಂತಲ್ಲಿ ಗಡಗಡ ಎನ್ನುತ್ತದೆ, ಅಷ್ಟೇ. ದೋಣಿಯಲ್ಲಿ ಅದು ಅಪಾಯ. ದೋಣಿಯ ಹೊಗೆಕೊಳವೆಯ ಬಾಗಿನಲ್ಲಿ ಬಿಸಿ ಹೊಗೆಗೆ ನೀರನ್ನೇ ಬೆರೆಸಿ ತಣಿಸುತ್ತಾರೆ. ಎಂಜಿನ್ ನಿಧಾನಗತಿಯಲ್ಲಿ ಓಡುವಾಗ ಇನ್‌ಲೆಟ್ ಕಡೆ ಒತ್ತಡ ತೀರಾ ಕಡಿಮೆ; ಎರಡು ವಾಲ್ವ್‌ಗಳೂ ತೆರೆದಿದ್ದರೆ ಹೊಗೆ ಹಿಮ್ಮುಖವಾಗಿ ಸಿಲಿಂಡರಿಗೆ ಎಳೆಯಲ್ಪಡುತ್ತದೆ, ಅದರೊಡನೆ ನೀರೂ ಬರುತ್ತದೆ. ಮೊದಲು ವಾಲ್ವುಗಳು ತುಕ್ಕು ಹಿಡಿಯುತ್ತವೆ. ನೀರು ಹೆಚ್ಚಾದರೆ, ಅದು ಸಂಕುಚಿತಗೊಳ್ಳದ ವಸ್ತುವಾದ್ದರಿಂದ ಪಿಸ್ಟನ್ ಮೇಲೇರಲಾಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಆದ್ದರಿಂದಲೇ ದೋಣಿಗೆಂದು ರೂಪಿಸಿದ ಕ್ಯಾಮ್‌ಗಳಲ್ಲಿ ಅವಧಿ ಮಿತವಾಗಿರುತ್ತದೆ, ಕೋನ 112ರ ಆಸುಪಾಸಿನಲ್ಲೋ ಅದಕ್ಕೂ ಅಗಲವಾಗಿಯೋ ಇರುತ್ತದೆ. ಅಳತೆಯಲ್ಲಿ ಕಿರಿದಾದ ಕೋನವೂ ಉದ್ದನೆಯ ಅವಧಿಯೂ ಒಟ್ಟಿಗೆ ಕಂಡರೆ, ಹಿಂದಿನ ಮಾಲೀಕರಲ್ಲಿ ಯಾರೋ ರಸ್ತೆಯ ವೇಗದ ಕಾರಿಗೆಂದು ಮಾಡಿದ ಕ್ಯಾಮನ್ನು ಇಲ್ಲಿ ಸೇರಿಸಿದ್ದಾರೆ ಎಂದೇ ಅರ್ಥ. ಎಕ್ಸಾಸ್ಟ್ ವಾಲ್ವಿನ ಕೂರುಪಟ್ಟಿಗಳನ್ನು ಕೂಡಲೇ ಪರೀಕ್ಷಿಸುವುದು ಒಳ್ಳೆಯದು.

ಇಷ್ಟೆಲ್ಲ ಹೊಂದಿದರೂ ದೋಣಿ ಎಂಜಿನ್ನಿಗೇ ವಿಶೇಷವಾದ ಒಂದು ತೊಡಕು ಉಳಿಯುತ್ತದೆ. ಎರಡು ಎಂಜಿನ್‌ಗಳ ಹಳೆಯ ದೋಣಿಗಳಲ್ಲಿ ಎರಡೂ ಪ್ರೊಪೆಲರ್‌ಗಳು ಒಂದೇ ದಿಕ್ಕಿಗೆ ತಿರುಗಿದರೆ ದೋಣಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಅದನ್ನು ತಪ್ಪಿಸಲು ಒಂದು ಎಂಜಿನ್ನನ್ನೇ ಉಲ್ಟಾ ತಿರುಗುವಂತೆ ಕಟ್ಟುತ್ತಿದ್ದರು. ಸಣ್ಣ ಷೆವ್ರೊಲೆಯಲ್ಲಿ ಸಿಲಿಂಡರುಗಳು ಹೊತ್ತಿಕೊಳ್ಳುವ ಕ್ರಮ 1-8-4-3-6-5-7-2. ಉಲ್ಟಾ ಎಂಜಿನ್ನಿನಲ್ಲಿ ಅದು 1-2-7-5-6-3-4-8. ಇದಕ್ಕೆ ಬೇರೆಯೇ ಕ್ಯಾಮ್ ಬೇಕು. ಎತ್ತರ, ಅವಧಿ, ಕೋನ ಮೂರೂ ಸಾಮಾನ್ಯ ಕ್ಯಾಮಿನಂತೆಯೇ ಇರಬಹುದು, ಉಬ್ಬುಗಳ ಸರದಿ ಮಾತ್ರ ಬೇರೆ. ಸರದಿ ತಿಳಿಯಲು ಪ್ರತಿ ಇನ್‌ಲೆಟ್ ಉಬ್ಬಿನ ತುದಿ ಚಕ್ರದ ಯಾವ ಡಿಗ್ರಿಗೆ ಬರುತ್ತದೆ ಎಂದು ಬರೆದುಕೊಂಡು, ಎಡ ಮತ್ತು ಬಲ ಸಾಲಿನ ಟ್ಯಾಪೆಟ್‌ಗಳ ನಡುವಿನ ಕೋನವನ್ನು ಲೆಕ್ಕಕ್ಕೆ ಹಿಡಿಯಬೇಕು. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ತಿರುಗಿಸುವ ಹಿಂತುದಿಯ ಗೇರಿನ ಹಲ್ಲುಗಳ ಓರೆಯನ್ನೂ ನೋಡಬೇಕು. ಅದೇ ಗೇರು ಆಯಿಲ್ ಪಂಪನ್ನೂ ತಿರುಗಿಸುತ್ತದೆ, ಪಂಪು ಹಿಮ್ಮುಖವಾಗಿ ತಿರುಗುವಂತಿಲ್ಲ. ಹಾಗಾಗಿ ಕ್ಯಾಮೇ ಉಲ್ಟಾ ತಿರುಗುವುದಾದರೆ ಹಲ್ಲುಗಳ ಓರೆಯೂ ಉಲ್ಟಾ ಇರಬೇಕು. ಚೈನಿನ ಬದಲು ಎರಡು ಗೇರುಗಳಿಂದ ಕ್ಯಾಮನ್ನು ಮೊದಲಿನ ದಿಕ್ಕಿಗೇ ತಿರುಗಿಸುವುದಾದರೆ ಓರೆ ಬದಲಾಗಬೇಕಿಲ್ಲ.

ಫೋರ್ಡಿನಲ್ಲಿ ಈ ಸರದಿಯದೇ ಇನ್ನೊಂದು ಆಟ. ವಿಂಡ್ಸರ್ ಕುಲದ 302 ಘನ ಇಂಚಿನ ಎಂಜಿನ್ನಿನ ಹಳೆಯ ಕ್ರಮ 1-5-4-2-6-3-7-8, 351 ವಿಂಡ್ಸರಿನದು 1-3-7-2-6-5-4-8. ಪಕ್ಕಪಕ್ಕ ಇಟ್ಟು ನೋಡಿದರೆ 5 ಮತ್ತು 3 ಸ್ಥಾನ ಬದಲಿಸಿಕೊಂಡಿವೆ, 4 ಮತ್ತು 7 ಕೂಡ. ಈ ಜೋಡಿಗಳ ಪಿಸ್ಟನ್‌ಗಳು ಒಟ್ಟಿಗೇ ಮೇಲೇರುತ್ತವೆ; ಎರಡರಲ್ಲಿ ಯಾವುದು ಮೊದಲ ಸುತ್ತಿನಲ್ಲಿ ಹೊತ್ತಿಕೊಳ್ಳಬೇಕು, ಯಾವುದು ಎರಡನೆಯದರಲ್ಲಿ ಎಂದು ತೀರ್ಮಾನಿಸುವುದು ಕ್ಯಾಮ್ ಮಾತ್ರ. ಹೀಗಾಗಿ 302ರೊಳಗೆ 351ರ ಕ್ಯಾಮ್ ಹಾಕಿ, ಪ್ಲಗ್ಗಿನ ವೈರುಗಳನ್ನು ಹೊಸ ಸರದಿಗೆ ಜೋಡಿಸಿದರೆ ಎಂಜಿನ್ ಸರಾಗವಾಗಿ ಓಡುತ್ತದೆ. ಬ್ಲಾಕಿನ ಗುರುತು ನೋಡಿ ಹಳೆಯ ಕ್ರಮದಲ್ಲಿ ವೈರು ಹಾಕಿದವನಿಗೆ ಕಾರ್ಬ್ಯುರೇಟರಿನಲ್ಲಿ ಬೆಂಕಿ ಉಗುಳುವ ಎಂಜಿನ್ ಸಿಗುತ್ತದೆ.

ಗುರುತು ಸಿಕ್ಕಿದ ಮೇಲೆ ಅದೇ ಕ್ಯಾಮನ್ನು ಮತ್ತೆ ಬಳಸಬಹುದೇ ಎಂಬ ಪ್ರಶ್ನೆಗೆ ಉತ್ತರ ಟ್ಯಾಪೆಟ್‌ಗಳ ಮೇಲೆ ನಿಂತಿದೆ. ರೋಲರ್ ಆಗಿದ್ದರೆ ತೊಂದರೆ ಕಡಿಮೆ. ಚಪ್ಪಟೆ ಟ್ಯಾಪೆಟ್ ಮಾತ್ರ ತನ್ನ ಉಬ್ಬಿನ ಜೊತೆಯಲ್ಲೇ ಸವೆದು ಹೊಂದಿಕೊಂಡಿರುತ್ತದೆ. ಬಿಚ್ಚುವಾಗ ಯಾವ ಟ್ಯಾಪೆಟ್ ಯಾವ ಗೂಡಿನದೆಂದು ಗುರುತು ಹಾಕಿಟ್ಟಿದ್ದರೆ ಅದನ್ನು ಮತ್ತೆ ಅದೇ ಗೂಡಿಗೆ ಹಾಕಬಹುದು. ಎಲ್ಲವನ್ನೂ ಒಂದೇ ಡಬ್ಬಿಗೆ ಸುರಿದಿದ್ದರೆ ಆ ಟ್ಯಾಪೆಟ್‌ಗಳನ್ನು ಆ ಕ್ಯಾಮಿನ ಮೇಲೆ ಮತ್ತೆ ಕೂರಿಸಬಾರದು.